ರೋಲಿನಲ್ಲಿ ಉಳಿದ ಮನೆಗಳು

ನಮ್ಮ ಅಪ್ಪ ತೆಗೆದ ಫೋಟೋಗಳಲ್ಲಿ ಜನರಿಲ್ಲ. ಮನೆಗಳಿವೆ, ಓಣಿಗಳಿವೆ, ಹಾನಗಲ್ಲಿನ ಕೆರೆಯ ಏರಿ ಇದೆ, ಸವಣೂರಿನ ದೊಡ್ಡ ಹುಣಸೆ ಮರದ ಬೊಡ್ಡೆ ಇದೆ, ಅಕ್ಕಿಆಲೂರಿನ ಅಕ್ಕಿ ಗಿರಣಿಯ ಹೊಗೆಕೊಳವೆ ಇದೆ. ಶಿಗ್ಗಾವಿಯ ದೊಡ್ಡ ರಸ್ತೆ ಇದೆ. ಆಗ ಅದು ಎಷ್ಟು ದೊಡ್ಡದೆಂದರೆ ಎರಡು ಚಕ್ಕಡಿ ಎದುರುಬದುರಾದರೆ ಒಂದು ಕೆಳಗಿಳಿದು ನಿಲ್ಲಬೇಕಿತ್ತು. ಮನುಷ್ಯರು ಮಾತ್ರ ಇಲ್ಲ. ಇದ್ದರೂ ದೂರದಲ್ಲಿ ಬೆನ್ನು ತಿರುಗಿಸಿ ಹೋಗುತ್ತಿರುವವರು.

ಹೋದ ವರ್ಷ ಕಟ್ಟಡದ ವಿದ್ಯೆ ಓದುವ ಹುಡುಗ ಹುಡುಗಿಯರು ನಾಲ್ಕು ಮಂದಿ ಶಿಗ್ಗಾವಿಗೆ ಬಂದು, ಅಪ್ಪನ ಹಳೆಯ ಸ್ಟುಡಿಯೋದ ಮೇಲಿನ ನನ್ನ ಕೋಣೆಯಲ್ಲಿ ಒಂದು ವಾರ ಕೂತು, ಡಬ್ಬಿಗಳಲ್ಲಿದ್ದ ನೆಗೆಟಿವ್‌ಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿಕೊಂಡರು. ಹಿಂದಿನ ಶತಮಾನದ ನಡುವಿನ ಊರು, ಮನೆ, ಬಯಲುಗಳ ಚಿತ್ರಗಳು ನಮ್ಮ ಸೀಮೆಯಲ್ಲಿ ಇಷ್ಟೊಂದು ಬೇರೆಲ್ಲೂ ಸಿಕ್ಕಿಲ್ಲವೆಂದು ಅವರಿಗೆ ಬಹಳ ಸಂತೋಷ. ಒಬ್ಬಳು ಹುಡುಗಿ ಕೇಳಿದಳು, "ಓಣಿಗಳೆಲ್ಲಾ ಯಾಕೆ ಮೇಡಂ ಇಷ್ಟು ಖಾಲಿ? ನಿಮ್ಮ ತಂದೆಯವರಿಗೆ ಏಕಾಂತ ಅಂದರೆ ತುಂಬಾ ಇಷ್ಟವಿತ್ತಾ?"

ನನಗೆ ನಗು ತಡೆಯಲಿಲ್ಲ. ನಮ್ಮ ಅಪ್ಪ ಒಬ್ಬನೇ ಕೂತು ಒಂದು ರೊಟ್ಟಿ ತಿಂದವನಲ್ಲ. ಬೀದಿಯಲ್ಲಿ ಹೋಗುವವರನ್ನು ಕರೆದು ಕೂರಿಸಿಕೊಂಡು ಉಣ್ಣುವ ಜಾತಿ. "ಜನರೆಲ್ಲ ಮಣ್ಣಿಗೆ ಹೋಗಿರುತ್ತಿದ್ದರು" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂತು ವಿವರಿಸಬೇಕಾಯಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸುತ್ತಾರೆ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಹೊಸ ಸೀರೆಯನ್ನೋ ರುಮಾಲನ್ನೋ ಹಾಕಿ, ಗೋಡೆಗೆ ಆನಿಸಿ, ಕೊರಳು ಮುಚ್ಚುವಷ್ಟು ಹಾರ ಹಾಕಿ ಕೂಡಿಸುತ್ತಾರೆ. ಬಂದವರು ನೋಡುತ್ತಾರೆ, ಭಜನೆ ನಡೆಯುತ್ತದೆ, ಆಮೇಲೆ ಮಣ್ಣು ಕೊಡುತ್ತಾರೆ, ಅಂದರೆ ಹೂಳುತ್ತಾರೆ. ಅದಕ್ಕೆ ಹೋಗುವುದೇ ಮಣ್ಣಿಗೆ ಹೋಗುವುದು. ಆ ಕಾಲದಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಂಡವರು ಕಡಿಮೆ. ಹೀಗೆ ಕೂತಾಗ ಒಂದು ತೆಗೆಸಿಬಿಡಬೇಕು, ಇಲ್ಲವಾದರೆ ಮುಖವೇ ಉಳಿಯುವುದಿಲ್ಲ ಎಂಬುದು ಎಲ್ಲ ಮನೆಯವರ ಅವಸರ. ಆಗ ಸೈಕಲ್ಲಿನ ಮೇಲೆ ಒಬ್ಬ ಆಳು ಶಿಗ್ಗಾವಿಗೆ ಬರುತ್ತಿದ್ದ, ಅಪ್ಪ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಹೊರಡುತ್ತಿದ್ದ. ಒಳಗೆ ಬೆಳಕು ಸಾಲದೆಂದು ಅಪ್ಪ ಮೊಂಡು ಹಿಡಿದು ಸತ್ತವರನ್ನು ಹೊರಗಿನ ಕಟ್ಟೆಗೆ ತಂದು ಕೂಡಿಸಲು ಹೇಳುತ್ತಿದ್ದ. ಬಾಗಿಲು, ಕಂಬ, ಗೋಡೆ ಹಿಂದೆ ಬರುತ್ತಿದ್ದವು.

ಅಪ್ಪನ ಕ್ಯಾಮೆರಾದ ರೋಲಿಗೆ ಹನ್ನೆರಡು ಚೌಕ. ಸತ್ತವರಿಗೆ ಒಂದು ಚೌಕ ಸಾಕು. ಆದರೆ ಸತ್ತವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ದಿನ ಕಟ್ಟು ಹಾಕಿದ ಫೋಟೋ ಮನೆಯಲ್ಲಿ ಇರಲೇಬೇಕು, ಆದ್ದರಿಂದ ರೋಲನ್ನು ಕೂಡಲೇ ತೊಳೆಯಬೇಕು. ಖಾಲಿ ಫಿಲ್ಮು ತೊಳೆಯುವುದೆಂದರೆ ಅಪ್ಪನಿಗೆ ತಾಟಿನಲ್ಲಿ ಅನ್ನ ಬಿಟ್ಟು ಎದ್ದ ಹಾಗೆ. ಉಳಿದ ಚೌಕಗಳಿಗೆ ಯಾರಾದರೂ ನಿಲ್ಲಿರೆಂದರೆ ಯಾರೂ ನಿಲ್ಲುತ್ತಿರಲಿಲ್ಲ. ಸತ್ತವರ ಜೊತೆ ಒಂದೇ ರೋಲಿನಲ್ಲಿ ಸೇರಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಅಪ್ಪ ಕ್ಯಾಮೆರಾ ಎತ್ತಿದರೆ ಓಣಿ ತೆರವಾಗುತ್ತಿತ್ತು. ತಾಯಂದಿರು ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಅಪ್ಪ ಆ ಮನೆಯ ಮುಂಭಾಗ ತೆಗೆಯುತ್ತಿದ್ದ, ಪಕ್ಕದ ಮನೆ ತೆಗೆಯುತ್ತಿದ್ದ, ದಾರಿಯಲ್ಲಿ ಕೆರೆ, ಮರ, ಗುಡ್ಡ ಸಿಕ್ಕಿದ್ದನ್ನು ತೆಗೆಯುತ್ತ ಮನೆಗೆ ಬರುತ್ತಿದ್ದ. ಏಕಾಂತ ಬಂದದ್ದು ಹೀಗೆ.

ಇನ್ನೊಂದು ಮಾತು. ಸತ್ತವರ ನೆಗೆಟಿವ್ ನಮ್ಮ ಮನೆಯಲ್ಲಿ ಇರಕೂಡದೆಂದು ಅವ್ವನ ಕಟ್ಟಪ್ಪಣೆ. "ಮಕ್ಕಳು ಮಲಗೋ ಮನ್ಯಾಗ ಅವು ಬ್ಯಾಡ, ಅವರವರ ಮಂದೀನ ಅವರವರಿಗೆ ಕೊಟ್ಟು ಬರ್ರಿ" ಎನ್ನುತ್ತಿದ್ದಳು. ಅಪ್ಪ ರೋಲಿನಿಂದ ಆ ಒಂದು ಚೌಕವನ್ನು ಕತ್ತರಿಸಿ, ಫೋಟೋದ ಜೊತೆ ಲಕೋಟೆಯಲ್ಲಿ ಹಾಕಿ ಆ ಮನೆಯವರಿಗೇ ಒಪ್ಪಿಸಿಬಿಡುತ್ತಿದ್ದ. ನಮ್ಮಲ್ಲಿ ಉಳಿದದ್ದು ಮನೆ, ಮರ, ಕೆರೆ.

ಹುಡುಗರು ಎಲ್ಲವನ್ನೂ ಬರೆದುಕೊಂಡು ಹೋದರು. ಕೆಲವು ಮನೆಗಳ ಚಿತ್ರಗಳನ್ನು ಮೊಬೈಲಿನಲ್ಲಿ ಹಾಕಿದರು, ಅವು ಒಂದು ವಾರದೊಳಗೆ ಸುತ್ತಲಿನ ನಾಲ್ಕೂ ತಾಲೂಕು ಸುತ್ತಿದವು. ನನ್ನ ನೆಮ್ಮದಿ ಹಾಳಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳಿಗೆ ನಿವೃತ್ತಿಯಲ್ಲಿ ಈ ಉದ್ಯೋಗ ಅಂಟಿಕೊಂಡಿತು. ದಿನವೂ ಯಾರೋ ಒಬ್ಬರು ಫೋನು ಮಾಡಿ, ಆ ಮನೆ ತಮ್ಮದೆನ್ನುತ್ತಿದ್ದರು. ಒಂದೇ ಮನೆಯನ್ನು ಮೂರು ಊರಿನವರು ತಮ್ಮದೆಂದರು. ಎಲ್ಲರಿಗೂ ಹೌದ್ರಿ ಹೌದ್ರಿ ಅಂದು ಫೋನು ಇಡುತ್ತಿದ್ದೆ. ಕಟ್ಟಡ ಬಿದ್ದುಹೋದ ಮೇಲೆ ಅದರ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬರುತ್ತದೋ ನನಗೆ ತಿಳಿಯದು. ನಿಂತಿದ್ದಾಗ ಸುಣ್ಣ ಹಚ್ಚಿಸಿದ್ದರೆ ಸಾಕಿತ್ತು.

ಆಗ ಬಂದವರು ಹಿರೇಕೆರೂರಿನ ಒಬ್ಬರು, ವಯಸ್ಸಿಗೆ ಮರ್ಯಾದೆ ಕೊಟ್ಟು ನಾನು ಅವ್ವಾರು ಎನ್ನುತ್ತೇನೆ. ಫೋನು ಮಾಡದೆ, ಬಸ್ಸು ಹತ್ತಿ ನೇರವಾಗಿ ಬಂದರು. ಎಪ್ಪತ್ತು ದಾಟಿದ ಹೆಂಗಸು, ಎತ್ತರ, ಮೂಗು ಉದ್ದ, ಮಾತು ಬಿಗಿ. ಹತ್ತಿಮತ್ತೂರು ಅವರ ತವರು, ಕೊಟ್ಟದ್ದು ಹಿರೇಕೆರೂರಿಗೆ. ಕರವಸ್ತ್ರದಲ್ಲಿ ಸುತ್ತಿ ತಂದ ಮೊಮ್ಮಗಳ ಮೊಬೈಲನ್ನು ಬಿಚ್ಚಿ ನನ್ನ ಮುಂದೆ ಹಿಡಿದರು.

"ಈ ಮನಿ ನಮ್ಮದ್ರಿ, ಅಕ್ಕೋರ."

ನಮ್ಮ ಕಡೆ ಶಾಲೆಯಲ್ಲಿ ಕಲಿಸಿದ ಹೆಂಗಸಿಗೆ ಸಾಯುವತನಕ ಅಕ್ಕೋರು ಎಂದೇ ಹೆಸರು. ನಾನು ಅಭ್ಯಾಸದಂತೆ ಹೌದ್ರಿ ಅಂದೆ. ಅವರಿಗೆ ಅದು ಸಾಲಲಿಲ್ಲ.

"ಸುಮ್ಮನ ಹೌದನ್ನಬ್ಯಾಡ್ರಿ. ಈ ಬಾಗಲದ ಕಂಬ ನೋಡ್ರಿ. ಮ್ಯಾಲ ಎರಡು ಗಿಳಿ ಅದಾವು. ಎಡಗಡೆ ಗಿಳೀದು ಕೊಕ್ಕು ಮುರದೈತಿ. ನಾ ಸಣ್ಣಾಕಿದ್ದಾಗ ದಿನಾ ಅದಕ್ಕ ಕಾಳು ತಿನ್ನಸ್ತಿದ್ನಿ."

ದೊಡ್ಡದು ಮಾಡಿ ನೋಡಿದೆ. ಕೊಕ್ಕು ಮುರಿದಿತ್ತು. ಮೊದಲ ಸಲ ಒಬ್ಬರ ಮನೆ ನಿಜವಾಗಿ ಅವರದ್ದೇ ಆಗಿತ್ತು. ಚಾಪೆ ಹಾಸಿ ಕೂಡಿಸಿ, ಚಹಾ ಇಟ್ಟೆ. ಮನೆಯ ಒಂದು ಪ್ರತಿ ಬೇಕೇನೋ ಅಂದುಕೊಂಡೆ. ಅವರಿಗೆ ಮನೆ ಬೇಕಿರಲಿಲ್ಲ.

"ನಾ ತೊಟ್ಟಲದಾಗ ಇದ್ದಾಗ ನಮ್ಮವ್ವ ತೀರಿಕೊಂಡ್ಲು. ಆಕಿ ಮಾರಿ ನಾ ನೋಡಿಲ್ರಿ. ಅವತ್ತ ನಿಮ್ಮಪ್ಪಾರು ಬಂದು ಫೋಟೋ ಹೊಡದಿದ್ರಂತ. ಮನೀದ ಐತಿ ಅಂದ್ರ ಆಕೀದೂ ಇರಬೇಕಲ್ರಿ. ಒಮ್ಮೆ ಮಾರಿ ನೋಡಿ ಹೋಗ್ತೇನಿ."

ಆ ಫೋಟೋ ಏನಾಯಿತೆಂದು ಕೇಳಿದೆ. ಹೇಳಿದರು. ತಂದೆಗೆ ಒಬ್ಬಳು ತಂಗಿ, ಅಂದರೆ ಇವರ ಸೋದರತ್ತೆ. ಆಕೆ ಮಣ್ಣಿಗೆ ಬಂದಾಗ ಫೋಟೋ ತೆಗೆಯುವುದನ್ನು ಕಂಡಿದ್ದಳು, ಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆದದ್ದನ್ನೂ ಕೇಳಿದ್ದಳು. ಮುಂದಿನ ಪಂಚಮಿಗೆ ತವರಿಗೆ ಬಂದರೆ ಗೋಡೆಯ ಮೇಲೆ ಮೊಳೆ ಇತ್ತು, ಫೋಟೋ ಇರಲಿಲ್ಲ. ಅಷ್ಟೊತ್ತಿಗೆ ತಂದೆ ಎರಡನೆಯ ಮದುವೆ ಮಾಡಿಕೊಂಡು ಆಗಿತ್ತು. ಬಂದವಳನ್ನು ಇವರು ಚಿಗವ್ವ ಎನ್ನುತ್ತಿದ್ದರು. ಅಕ್ಕರೆಗಲ್ಲ, ಅವ್ವ ಎನ್ನಬಾರದೆಂದು. ಫೋಟೋ ಒಲೆಗೆ ಹಾಕಿದವಳು ಆಕೆಯೇ ಎಂದು ಅತ್ತೆ ಹೇಳಿದಳು, ಇವರು ನಂಬಿದರು.

"ನನ್ನ ಲಗ್ನದಾಗ ಒಮ್ಮೆ ಎದುರಾ ಎದುರು ಕೇಳಿದ್ನಿ. 'ನಾ ಬರೂ ಮೊದಲ ಇರಲಿಲ್ಲ, ನಾ ಮುಟ್ಟಿಲ್ಲವ್ವಾ' ಅಂದ್ಲು. ಕಳ್ಳರು ಎಂದಾದ್ರೂ ಒಪ್ತಾರೇನ್ರಿ? ಆಕಿ ಕಟ್ಟಿಕೊಟ್ಟ ಬುತ್ತೀನ ನಾ ಎಂದೂ ಗಂಡನ ಮನಿಗೆ ಒಯ್ಯಲಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಯಾರಿಗರೆ ಕೊಟ್ಟು ಹೋಗ್ತಿದ್ನಿ. ಆಕಿ ಸತ್ತಾಗೂ ಹೋಗಲಿಲ್ಲ."

ಇದನ್ನು ಅವರು ಮಳೆ ಬೆಳೆಯ ಸುದ್ದಿಯ ಹಾಗೆ ಹೇಳಿದರು. ಮುಚ್ಚುಮರೆ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ಹತ್ತಿಮತ್ತೂರಿನ ಮನೆ ಇದ್ದ ರೋಲನ್ನು ತೆಗೆದು ಬೆಳಕಿಗೆ ಹಿಡಿದು ಅವರಿಗೆ ತೋರಿಸಿದೆ. ಅಪ್ಪ ಕತ್ತರಿಸಿದ ಜಾಗ ಇತ್ತು. ಅದರ ಪಕ್ಕದ ಚೌಕದಲ್ಲಿ ಗಿಳಿಗಳ ಮನೆ, ಕಟ್ಟೆಯ ಮೇಲೆ ಬಿದ್ದ ಹೂವಿನ ಎಸಳು, ಅಷ್ಟೆ. ನೆಗೆಟಿವ್ ಕೂಡ ನಿಮ್ಮ ಮನೆಗೇ ಕೊಟ್ಟದ್ದು ಎಂದೆ. ಅದೇ ರೋಲಿನಲ್ಲಿ ಇನ್ನೂ ಒಂದು ಕಡೆ ಕತ್ತರಿ ಬಿದ್ದಿತ್ತು. ಅದರ ಪಕ್ಕ ಬೇರೊಂದು ಮನೆ, ಕಂಬವಿಲ್ಲದ, ಸುಣ್ಣ ಬಳಿದ ಸಪಾಟು ಮಣ್ಣಿನ ಗೋಡೆಯದು. ಒಂದೇ ದಿನ ಎರಡು ಸಾವಿಗೆ ಹೋಗಿದ್ದ ಅಂತ ಕಾಣುತ್ತದೆ. ಅಪರೂಪ, ಆದರೆ ಸುಗ್ಗಿ ಸಾವಿಗೂ ಇರುತ್ತದೆ. ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

"ಹೋಗ್ಲಿ ಬಿಡ್ರಿ" ಎಂದು ಅವ್ವಾರು ಎದ್ದರು. ಬಾಗಿಲಿನಲ್ಲಿ ನಿಂತು, "ಈಟು ವರ್ಷ ನೋಡದ ಬದುಕೇನಲ್ಲ" ಎಂದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದನ್ನು ಮೇಲಿನಿಂದ ನೋಡಿದೆ. ಬೇಸರವಾಯಿತು. ಮನೆಯನ್ನು ಉಳಿಸಿ ಮನುಷ್ಯರನ್ನು ಕತ್ತರಿಸಿ ಕೊಟ್ಟ ನಮ್ಮ ಅಪ್ಪನ ಮೇಲೂ, ಅವ್ವನ ಕಟ್ಟಪ್ಪಣೆಯ ಮೇಲೂ ಸಿಟ್ಟು ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ದುಂಡಸಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಸಪಾಟು ಗೋಡೆಯ ಮನೆ ತಮ್ಮದೆಂದಳು. ಅದರ ಬಗ್ಗೆ ಇನ್ನಾರೂ ಹಕ್ಕು ಹೇಳಿರಲಿಲ್ಲ, ಅಷ್ಟೇನೂ ಚೆಂದದ ಮನೆಯಲ್ಲ. "ನಮ್ಮ ಮಾವಾರ ಅವ್ವಂದು ಒಂದು ಫೋಟೋ ಐತ್ರಿ, ನಿಮ್ಮಪ್ಪಾರ ಹೊಡದದ್ದಂತ. ಪೂರಾ ಮಾಸೇತಿ. ಹೊಸಾದು ಮಾಡಿಕೊಡ್ತೀರೇನ್ರಿ?" ಎಂದು ಮೊಬೈಲಿನಲ್ಲಿ ಅದನ್ನು ಕಳಿಸಿದಳು.

ಹಾರ ಗದ್ದದತನಕ ಇತ್ತು. ಹಣೆ ತುಂಬ ವಿಭೂತಿ, ಸೆರಗು ಹುಬ್ಬಿನವರೆಗೆ. ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು, ಕಣ್ಣು ಮುಚ್ಚಿದ್ದಾಳೆ, ಮೂಗು ಉದ್ದ. ಹಿಂದೆ ಬಾಗಿಲು. ಬಾಗಿಲ ಪಕ್ಕ ಕಂಬ. ಕಂಬದ ಮೇಲೆ ಎರಡು ಗಿಳಿ, ಎಡಗಡೆಯದರ ಕೊಕ್ಕು ಮುರಿದದ್ದು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಆಮೇಲೆ ರೋಲನ್ನು ತೆಗೆದು ಮುಂದಿಟ್ಟುಕೊಂಡೆ. ನಡೆದದ್ದು ಇಷ್ಟೇ ಇರಬೇಕು. ಬೆಳಗ್ಗೆ ಹತ್ತಿಮತ್ತೂರು, ಮಧ್ಯಾಹ್ನ ದುಂಡಸಿ. ಇಬ್ಬರೂ ಎಳೆಯ ಪ್ರಾಯದ ಹೆಣ್ಣುಮಕ್ಕಳು, ಇಬ್ಬರಿಗೂ ಅದೇ ವಿಭೂತಿ, ಅದೇ ಸೆರಗು, ಅದೇ ಹಾರ. ಅಪ್ಪ ಎರಡು ಚೌಕ ಕತ್ತರಿಸಿದ, ಎರಡು ಲಕೋಟೆಗೆ ಹಾಕಿದ, ಅದಲುಬದಲಾಗಿ ಕೊಟ್ಟ. ಎರಡೂ ಮನೆಯವರು ತಕರಾರು ಮಾಡಲಿಲ್ಲ. ಸತ್ತವರ ಫೋಟೋದ ವಿಷಯದಲ್ಲಿ ಜಗಳ ತೆಗೆಯುವ ರೂಢಿ ನಮ್ಮಲ್ಲಿಲ್ಲ. ಹತ್ತಿಮತ್ತೂರಿನ ಗಂಡಸು ಗೋಡೆಗೆ ಏರಿಸಿದ ಮೇಲೆ ದಿಟ್ಟಿಸಿ ನೋಡಿ, ಇದು ತನ್ನ ಹೆಂಡತಿಯಲ್ಲ ಎಂದು ತಿಳಿದು, ಬೇರೆಯವರ ಮನೆಯ ಸಾವನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳಲಾರದೆ ಇಳಿಸಿಬಿಟ್ಟಿದ್ದಾನೆ. ಯಾರಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಸತ್ತ ಹೆಂಡತಿಯ ಮಾತೆತ್ತುವ ಗಂಡಸರು ಆಗ ಇರಲಿಲ್ಲ. ಒಂದು ಸಲ ಶಿಗ್ಗಾವಿಗೆ ಬಂದು ಅಪ್ಪನನ್ನು ಕೇಳಿದ್ದರೆ ಎರಡು ದಿನದಲ್ಲಿ ಸರಿಯಾಗುತ್ತಿತ್ತು. ಬರಲಿಲ್ಲ.

ಅಂದರೆ ಚಿಗವ್ವ ಬರುವ ಮೊದಲೇ ಗೋಡೆ ಖಾಲಿ ಇತ್ತು. ಆಕೆ ಹೇಳಿದ್ದು ಇದನ್ನೇ.

ನಾನು ಸುಮ್ಮನಿರಬಹುದಿತ್ತು. ದುಂಡಸಿಯವರಿಗೆ ಹೊಸ ಪ್ರತಿ ಮಾಡಿಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಮೆಟ್ಟಿಲಿನ ಮೇಲೆ ಗೋಡೆ ಹಿಡಿದು ನಿಂತವರನ್ನು ನೋಡಿದ್ದೆನಲ್ಲ. ಹಿರೇಕೆರೂರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ, "ಖರೇ ನಮ್ಮವ್ವನ ಏನ್ರಿ?"

"ಗಿಳಿ ಅದಾವ್ರಿ, ಅವ್ವಾರ. ಮೊಬೈಲಿಗೆ ಕಳಸ್ಲೇನು?"

"ಬ್ಯಾಡ್ರಿ. ಮೊದಲನೇ ಸಲ ಅವ್ವನ ಮಾರಿ ಮೊಬೈಲಿನ್ಯಾಗ ನೋಡೂದೇನು? ಅಲ್ಲೇ ಹೋಗಿ ನೋಡ್ತೇನಿ. ನೀವೂ ಬರ್ರಿ."

ಶಿಗ್ಗಾವಿಯಲ್ಲಿ ಇಬ್ಬರೂ ದುಂಡಸಿಯ ಬಸ್ಸು ಹತ್ತಿದೆವು. ಅವ್ವಾರು ಗಟ್ಟಿ ಅಂಚಿನ ಇಳಕಲ್ ಸೀರೆ ಉಟ್ಟು, ಸ್ಟ್ಯಾಂಡಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡಿದ್ದರು. ಕಿಟಕಿಯ ಹೊರಗೆ ಗೋವಿನಜೋಳ ಆಳೆತ್ತರ ನಿಂತಿತ್ತು. ಅಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ.

"ಏನು ಹೇಳೂದೈತ್ರಿ. ಇದ್ದದ್ದು ಹೇಳ್ತೇನಿ. ನಮ್ಮವ್ವನ್ನ ನಮಗ ಕೊಡ್ರಿ ಅಂತೇನಿ."

"ಅವರು ಅವ್ವ ಅಂತ ಪೂಜಾ ಮಾಡಾಕತ್ತಾರ್ರಿ."

"ಅದಕ್ಕ ನಾ ಏನು ಮಾಡ್ಲಿ? ತಪ್ಪು ನಿಮ್ಮಪ್ಪಂದು."

ತಪ್ಪು ನಮ್ಮಪ್ಪನದೇ.

ಮನೆ ಈಗ ಸಿಮೆಂಟಿನದಾಗಿದೆ, ಆದರೆ ಅದೇ ಜಾಗ. ಫೋನು ಮಾಡಿದ್ದ ಸೊಸೆ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು. ಒಳಗೆ ಹಾಸಿಗೆಯಂತಹ ದಪ್ಪ ಜಮಖಾನೆ ಹಾಸಿದ್ದರು. ಆಕೆಯ ಮಾವ, ಆ ಮನೆಯ ಯಜಮಾನರು, ಎದ್ದು ನಿಂತು ಕೈ ಮುಗಿದರು. ಅವ್ವಾರ ಸರಿಸಮ ವಯಸ್ಸು, ಕುಳ್ಳು ಆಳು, ದುಂಡು ಮುಖ, ಚಪ್ಪಟೆ ಮೂಗು. ನಾನು ಅವ್ವಾರನ್ನು ಗೊತ್ತಿನವರು, ಜೊತೆಗೆ ಬಂದಿದ್ದಾರೆ ಎಂದಷ್ಟೇ ಹೇಳಿದೆ. ಉಳಿದದ್ದು ಅವರ ಬಾಯಿಂದಲೇ ಬರಲಿ ಎಂದು.

ಫೋಟೋ ಪಡಸಾಲೆಯ ನಟ್ಟನಡುವೆ ಇತ್ತು, ದೇವರ ಜಗಲಿಗಿಂತ ಸ್ವಲ್ಪ ಕೆಳಗೆ. ಗಾಜಿನ ಮೇಲೆ ವಿಭೂತಿ, ಕೆಳಗೆ ಊದಿನಕಡ್ಡಿಯ ಬೂದಿ. ಅವ್ವಾರು ಕೂಡ್ರಲಿಲ್ಲ. ಹತ್ತಿರ ಹೋಗಿ ನಿಂತರು. ಕನ್ನಡಕ ತೆಗೆದರು, ಹಾಕಿಕೊಂಡರು. ಅವರ ಬೆನ್ನು ನನ್ನ ಕಡೆಗಿತ್ತು, ಮುಖ ಕಾಣಲಿಲ್ಲ. ಆ ಮನೆಯ ಜನ ಅದನ್ನು ಭಕ್ತಿ ಎಂದು ತಿಳಿದಿರಬೇಕು, ಯಾರೂ ಮಾತಾಡಿಸಲಿಲ್ಲ.

ಮಾತು ತೆಗೆದವರು ಯಜಮಾನರೇ.

"ನಾ ಹುಟ್ಟಿದ ಐದನೇ ದಿನಕ್ಕ ನಮ್ಮವ್ವ ಹೋದ್ಲಂತ್ರಿ. ನಾ ಅವ್ವಾ ಅಂದದ್ದು ಇದಕ್ಕ. ಸಾಲಿಗೆ ಹೋಗೂ ಮುಂದೂ ಹೇಳಿ ಹೋಗ್ತಿದ್ನಿ, ಈಗ ಹೊಲಕ್ಕ ಹೋಗೂ ಮುಂದೂ ಹೇಳಿ ಹೋಗ್ತೇನಿ. ಎತ್ತು ತರಬೇಕಂದ್ರೂ, ಮಗಳ್ನ ಕೊಡಬೇಕಂದ್ರೂ ಈಕಿನ್ನ ಕೇಳೇ ಮಾಡೇನಿ. ಬ್ಯಾಡ ಅಂದಿದ್ದು ಒಂದೂ ಮಾಡಿಲ್ಲ."

"ಅಂದ್ರ ಹೇಳ್ತಾರೇನ್ರಿ?" ಎಂದೆ, ಏನಾದರೂ ಅನ್ನಬೇಕಲ್ಲ ಎಂದು.

"ಹೇಳ್ತಾಳ್ರಿ. ದಿನಾ ನೋಡಿದವರಿಗೆ ಗೊತ್ತಾಕ್ಕೈತಿ."

ಸೊಸೆ ಚಹಾ ತಂದಿಡುತ್ತ ಹೇಳಿದಳು, "ಮಾವಾರಿಗೆ ಅಜ್ಜಿ ಮಾರೀನ ಬಂದೈತ್ರಿ. ಊರಾಗ ಎಲ್ಲಾರೂ ಅಂತಾರ."

ನಾನು ಆ ಚಪ್ಪಟೆ ಮೂಗನ್ನು ನೋಡಿದೆ, ಚಹಾ ಕುಡಿದೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಆಗ ಯಜಮಾನರು ನನ್ನ ಕಡೆ ತಿರುಗಿದರು. "ಅಕ್ಕೋರ, ಒಂದು ಕೇಳಬೇಕಂತ ಭಾಳ ದಿನದಿಂದ ಐತಿ. ನಮ್ಮ ಹಳೀ ಮನಿಗೆ ಕಂಬ ಇರಲಿಲ್ಲ. ಮೊಬೈಲಿನ್ಯಾಗ ಬಂದ ಮನೀ ಫೋಟೋದಾಗೂ ಇಲ್ಲ. ಇದರಾಗ ಇಂಥಾ ಗಿಳಿ ಕಂಬ ಎಲ್ಲಿಂದ ಬಂತು? ನಮ್ಮಪ್ಪನ್ನ ಕೇಳಿದ್ರ ಫೋಟೋದವರು ಹಿಂದ ಚಿತ್ರದ ಪರದೆ ಕಟ್ಟಿದ್ರು ಅಂತಿದ್ದ. ಹೌದೇನ್ರಿ?"

ಹಾಗಾದರೆ ಅವರ ತಂದೆಗೂ ಗೊತ್ತಿತ್ತು. ಗೊತ್ತಿದ್ದೂ ಇಳಿಸಲಿಲ್ಲ. ಐದು ದಿನದ ಕೂಸು ಕೈಯಲ್ಲಿತ್ತು, ಅದಕ್ಕೆ ಯಾವುದಾದರೂ ಒಂದು ಮುಖ ಬೇಕಿತ್ತು. ನಮ್ಮ ಅಪ್ಪ ಸತ್ತವರ ಮನೆಗೆ ಎಂದೂ ಪರದೆ ಒಯ್ದವನಲ್ಲ. ಅವ್ವಾರು ಬಾಯಿ ಬಿಡುವ ಹೊತ್ತು ಇದೇ ಎಂದು ನನಗೆ ಅನ್ನಿಸಿತು. ಅವರ ಬೆನ್ನನ್ನು ನೋಡುತ್ತಾ ಕೂತೆ.

ಅವ್ವಾರು ತಿರುಗಿದರು. ಯಜಮಾನರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಹೌದ್ರಿ ಅಣ್ಣಾರ" ಎಂದರು. "ಆಗ ಪರದೆ ಕಟ್ತಿದ್ರು. ನಮ್ಮೂರಾಗೂ ಕಟ್ಟಿದ್ದು ನೋಡೇನಿ."

"ಹಂಗಾದ್ರ ಬರೋಬರಿ" ಎಂದರು ಯಜಮಾನರು. ಅವರ ಮುಖ ಹಗುರಾಯಿತು. ಅದನ್ನು ಎಷ್ಟು ವರ್ಷದಿಂದ ಹೊತ್ತುಕೊಂಡಿದ್ದರೋ.

ಅವ್ವಾರು ಚೀಲದಿಂದ ಮಲ್ಲಿಗೆ ತೆಗೆದು, ಏರಿಸಲೇ ಎಂದು ಕೇಳಿದರು. "ಏರಸ್ರಿ, ಯಾಕ ಕೇಳ್ತೀರಿ, ನಿಮಗೂ ಹಿರೇರ ಅಲ್ಲೇನು" ಎಂದರು ಯಜಮಾನರು. ಅವ್ವಾರು ಎರಡೂ ಮೊಳವನ್ನು ಫೋಟೋದ ಕಟ್ಟಿಗೆ ಸುತ್ತಿ, ಗಾಜಿನ ಮೇಲೆ ಹಣೆ ಇಟ್ಟರು. ಆಮೇಲೆ ಕೂತು ಚಹಾ ಕುಡಿದರು, ಮಂಡಕ್ಕಿ ತಿಂದರು, ಸೊಸೆಗೆ ಎಷ್ಟು ಮಕ್ಕಳೆಂದು ವಿಚಾರಿಸಿದರು. ನಾನು ಕಟ್ಟಿನಿಂದ ಫೋಟೋ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಪ್ರತಿ ತೆಗೆದುಕೊಂಡೆ. ಹೊರಡುವಾಗ ಯಜಮಾನರು ಬಸ್ಸಿನ ತನಕ ಬಂದರು, ಹಿರಿಯರ ಹಬ್ಬಕ್ಕೆ ಬನ್ನಿರೆಂದು ಅವ್ವಾರನ್ನು ಕರೆದರು. ಬರುತ್ತೇನೆ ಎಂದರು ಇವರು. ಬಾಯಿಮಾತಿಗಲ್ಲ, ಹೋಗುತ್ತಾರೆ ಎಂದು ನನಗೆ ಅನ್ನಿಸಿತು.

ಬಸ್ಸು ಊರು ದಾಟಿದ ಮೇಲೆ ಹೇಳಿದರು, "ಅವರಿಗೆ ಮಾಡಿಕೊಡೂದ್ರಾಗ ಹಿಂದಿನ ಗ್ವಾಡಿ, ಕಂಬ ಎಲ್ಲಾ ತಗದುಬಿಡ್ರಿ. ಮಾರಿ ಅಷ್ಟ ಇಡ್ರಿ. ಮುಂದ ಹುಡುಗ್ರು ಯಾರರೆ ಮತ್ತ ಕೆದರಿ ಕೇಳಬಾರದು."

"ನಿಮಗ?"

"ನನಗ ಮನೀನೂ ಇರಲಿ."

ಆಗಲಿ ಎಂದೆ. ಅವರು ಕೈ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಕಂಡಕ್ಟರ್ ಬಂದು ಹೋದ. ಶಿಗ್ಗಾವಿ ಹತ್ತಿರ ಬಂದಾಗ, ನನ್ನ ಕಡೆ ನೋಡದೆ ಮಾತಾಡಿದರು.

"ನಾ ಮುಟ್ಟಿಲ್ಲವ್ವಾ ಅಂದಿದ್ಲಲ್ರಿ ಚಿಗವ್ವ. ಖರೇನ ಮುಟ್ಟಿರಲಿಲ್ಲ."

"ನಿಮಗ ಗೊತ್ತಿರಲಿಲ್ಲಲ್ರಿ."

"ಆಕಿ ಅಡಗಿ ಮನ್ಯಾಗಿದ್ರ ನಾ ಪಡಸಾಲ್ಯಾಗ ಇರ್ತಿದ್ನಿ. ಆಕಿ ಪಡಸಾಲಿಗೆ ಬಂದ್ರ ನಾ ಹೊರಗ ಹೋಗ್ತಿದ್ನಿ. ಆಕಿ ನನ್ನ ತಲೀ ಹಿಕ್ಕೂ ಮುಂದೂ ಬೆನ್ನ ಮಾಡೇ ಕೂಡ್ತಿದ್ನಿ. ಆಕೀದೊಂದು ಫೋಟೋ ಇಲ್ರಿ ಎಲ್ಲೂ. ಸತ್ತಾಗ ತಗಸಾಕ ನಾ ಹೋಗಲಿಲ್ಲ, ಇನ್ಯಾರು ತಗಸ್ತಾರ?"

ಬಸ್ಸು ಸ್ಟ್ಯಾಂಡಿನ ಒಳಗೆ ತಿರುಗಿತು. ಜನ ಎದ್ದು ನಿಂತರು. ಅವ್ವಾರು ಏಳಲಿಲ್ಲ.

"ಬಸ್ಸು ಹತ್ತಿದಾಗಿಂದ ಆಕಿ ಮಾರಿ ನೆನಸ್ಗೊಳ್ಳಾಕತ್ತೇನಿ, ಅಕ್ಕೋರ" ಎಂದರು. "ಕಣ್ಣ ಮುಂದ ಬರವಲ್ದು."